ಮೂರನೆಯ ಕೂಗು

ಮುನಿಗಂಗಮ್ಮನ ಮನೆಯಲ್ಲಿ ಯಾರೂ ಒಂದೇ ಕೂಗಿಗೆ ಓಗೊಡುವುದಿಲ್ಲ. ಹೆಸರು ಹಿಡಿದು ಮೂರು ಸಲ ಕರೆದರೆ ಮಾತ್ರ ಏಳುತ್ತಾರೆ. ದೊಡ್ಡಬೆಳವಂಗಲಕ್ಕೆ ಹೊಸದಾಗಿ ಬಂದವರು ಬಾಗಿಲಲ್ಲಿ ನಿಂತು ಒಮ್ಮೆ ಕೂಗಿ, ಇನ್ನೊಮ್ಮೆ ಕೂಗಿ, ಮನೆಯವರೆಲ್ಲ ಕಿವುಡರೆಂದು ಗೊಣಗಿಕೊಂಡು ಹೋದದ್ದುಂಟು. ಗ್ಯಾಸ್ ಸಿಲಿಂಡರ್ ಹಾಗೇ ಎಷ್ಟೋ ಸಲ ವಾಪಸ್ಸು ಹೋಗಿದೆ. ಮೊಮ್ಮಗಳು ಪ್ರಮೋದಾ ಶಾಲೆಗೆ ಸೇರಿದ ಹೊಸದರಲ್ಲಿ ಮೇಷ್ಟ್ರು ದಿನವೂ ಅವಳಿಗೆ ಗೈರುಹಾಜರಿ ಹಾಕುತ್ತಿದ್ದರು. ಅವಳೋ ಮುಂದಿನ ಸಾಲಿನಲ್ಲೇ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳು.

ನಗುವವರು ನಗಲಿ. ಆ ಮನೆಯಲ್ಲಿ ಒಂದು ಹೆಣ್ಣು ಹೋಗಿದೆ. ಮುನಿಗಂಗಮ್ಮನ ಮಗಳು ಶಿಲ್ಪ, ಅಂದರೆ ಪ್ರಮೋದಾಳ ಸೋದರತ್ತೆ, ಒಂದು ಮುಸ್ಸಂಜೆ "ಓ ಅಮ್ಮಾ, ಬಂದೆ" ಎನ್ನುತ್ತ ಹಿತ್ತಿಲಿಗೆ ಹೋದವಳು ಮತ್ತೆ ಬರಲಿಲ್ಲ. ಚಪ್ಪಲಿ ಕೆರೆ ಏರಿಯ ಮೇಲೆ ಸಿಕ್ಕಿತು, ಅವಳು ಸಿಗಲಿಲ್ಲ. ಮುನಿಗಂಗಮ್ಮ ಆಗ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಮಗಳನ್ನು ಕರೆದೇ ಇರಲಿಲ್ಲ. ಮನುಷ್ಯರಲ್ಲದ್ದು ಒಂದು ಸಲ ಕರೆಯುತ್ತದೆ, ಹೆಚ್ಚೆಂದರೆ ಎರಡು ಸಲ, ಮೂರನೆಯದಕ್ಕೆ ಅದಕ್ಕೆ ದನಿಯಿಲ್ಲ ಎಂದು ಊರ ಹಿರಿಯರು ಹೇಳಿದರು. ಅಂದಿನಿಂದ ಆ ಮನೆಗೆ ಈ ಕಟ್ಟಳೆ.

ಕಟ್ಟಳೆ ಜೀವ ಕಾಯಬಹುದು, ಸಂಬಳ ತರುವುದಿಲ್ಲ. ಬಿ.ಕಾಂ. ಮುಗಿಸಿದ ಪ್ರಮೋದಾ ಎರಡು ಕಡೆ ಇಂಟರ್‌ವ್ಯೂಗೆ ಹೋಗಿ ಎರಡು ಕಡೆಯೂ ಒಳಗೇ ಹೋಗದೆ ಬಂದಿದ್ದಳು. ಬಾಗಿಲಲ್ಲಿ ನಿಂತವನು ಒಂದು ಸಲ ಹೆಸರು ಕರೆದ, ಇವಳ ನಾಲಿಗೆ ಏಳಲಿಲ್ಲ, ಅವನು ಮುಂದಿನವರನ್ನು ಕರೆದ. ಅಷ್ಟೇ. ಇತ್ತ ಅವಳ ತಾಯಿ ಅಶ್ವತ್ಥಮ್ಮನ ಸೊಂಟ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಮೆಷಿನ್ನಿನ ಮುಂದೆ ಕೂತೂ ಕೂತೂ ಹಾಳಾಗಿತ್ತು. ಕೆಲಸ ಬಿಡದಿದ್ದರೆ ನಡೆಯುವುದೇ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ತಂದೆಯಿಲ್ಲದ ಮನೆ, ಮಗಳಿಗೆ ಕೆಲಸ ಸಿಕ್ಕದ ಹೊರತು ತಾಯಿ ಮನೆಯಲ್ಲಿ ಕೂರುವಂತಿರಲಿಲ್ಲ. ಬೆಳಗಿನ ಕತ್ತಲಲ್ಲಿ ಗೋಡೆ ಹಿಡಿದು ಏಳುವ ತಾಯಿಯನ್ನು ನೋಡಿದಾಗಲೆಲ್ಲ ಪ್ರಮೋದಾಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ದೊಡ್ಡಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ ಖಾಲಿಯಿದೆ ಎಂಬ ಸುದ್ದಿ ತಂದವಳು ತಂಜೀಲಾ. ಪಕ್ಕದ ಬೀದಿಯ ಗೆಳತಿ, ಅದೇ ಆಸ್ಪತ್ರೆಯ ಬಿಲ್ಲಿಂಗಿನಲ್ಲಿ ಇದ್ದಳು.

"ಪ್ರಶ್ನೆಗೆಲ್ಲ ಉತ್ತರ ನಿಂಗೆ ಬರುತ್ತೆ ಕಣೇ. ಎದ್ದು ಒಳಗೆ ಹೋಗೋದೊಂದು ಬರಲ್ಲ. ಅದನ್ನ ನಾನು ಕಲಿಸ್ತೀನಿ," ಎಂದಳು.

ಸಂಜೆ ಹೊತ್ತು ತಾರಸಿಯ ಮೇಲೆ ಪಾಠ ಶುರುವಾಯಿತು. ಪ್ರಮೋದಾ ಬೆನ್ನು ತಿರುಗಿಸಿ ಕೂರಬೇಕು. ತಂಜೀಲಾ ಎಲ್ಲಿಂದಲೋ ಒಂದೇ ಸಲ ಕರೆಯುತ್ತಾಳೆ, ಇವಳು ತಡಮಾಡದೆ "ಬಂದೆ ಮೇಡಂ" ಅನ್ನಬೇಕು. ಮೊದಮೊದಲು ಪ್ರಮೋದಾ ಬೆವೆತು ಹೋಗುತ್ತಿದ್ದಳು. ಬರಬರುತ್ತ ನಾಲಿಗೆ ಸಡಿಲವಾಯಿತು. ಕೊನೆಗೆ ತಂಜೀಲಾ ಬೀದಿಯಿಂದ ಕರೆದರೂ, ಮೆಟ್ಟಿಲ ಕೆಳಗಿಂದ ಕರೆದರೂ ಥಟ್ಟನೆ ಓಗೊಟ್ಟು ಎದ್ದುಬಿಡುತ್ತಿದ್ದಳು. ಅಜ್ಜಿ ಕೆಳಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಆದರೆ ತಡೆಯಲಿಲ್ಲ. ಸೊಸೆಯ ಸೊಂಟ ಅವಳಿಗೂ ಕಾಣುತ್ತಿತ್ತು.

ಇಂಟರ್‌ವ್ಯೂ ಹಿಂದಿನ ದಿನ ಹೊತ್ತು ಮುಳುಗುವಾಗ ಪ್ರಮೋದಾ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹಿತ್ತಿಲ ಕಡೆಯಿಂದ ತಂಜೀಲಾ ಕರೆದಳು. "ಬಂದೆ" ಎಂದು ಇಳಿದು ಹೋದಳು. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ತಮಾಷೆಗೆ ಬಚ್ಚಿಟ್ಟುಕೊಂಡಿದ್ದಾಳೆ ಎಂದುಕೊಂಡು ಬೇಲಿ ದಾಟಿ, ನೀಲಗಿರಿ ತೋಪಿನೊಳಗೆ ಅಷ್ಟು ದೂರ ನಡೆದಳು. ಮರಗಳ ಸಂದಿಯಲ್ಲಿ ಕೆರೆಯ ನೀರು ಕಾಣಿಸುತ್ತಿತ್ತು. ಕೈಯಲ್ಲಿದ್ದ ಫೋನು ಆಗ ಹೊಡೆದುಕೊಂಡಿತು.

"ಲೇ, ಇವತ್ತು ಬರಕ್ಕಾಗಲ್ಲ. ಇನ್ನೂ ಡ್ಯೂಟೀಲೇ ಇದೀನಿ," ಎಂದಳು ತಂಜೀಲಾ, ದೊಡ್ಡಬಳ್ಳಾಪುರದಿಂದ.

ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಅಜ್ಜಿ ಅವಳ ಕಾಲಿಗೆ ಅಂಟಿದ ಕೆಸರು ನೋಡಿದಳು.

"ಯಾರ ದನೀಲಿ ಕರೀತು?"

"ತಂಜೀಲಾ ದನಿ ಅಜ್ಜಿ. ಥೇಟ್ ಅವಳೇ."

"ಶಿಲ್ಪಂಗೆ ನನ್ನ ದನೀಲಿ ಕರೀತು," ಎಂದಳು ಮುನಿಗಂಗಮ್ಮ. "ಯಾರು ಕರದ್ರೆ ತಡೀದೆ ಎದ್ದು ಬತ್ತೀವೋ, ಅವರ ದನೀನೇ ಹುಡುಕ್ಕೊತದೆ ಅದು."

ಮರುದಿನ ಆಸ್ಪತ್ರೆಯಲ್ಲಿ ಕಾಯುವವರ ಬೆಂಚು ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲಿತ್ತು. ಹುಡುಗಿಯರು ಸಾಲಾಗಿ ಕೂತಿದ್ದರು. ಒಂದೇ ಸಲ ಕರೆಯುತ್ತಾರೆ, ಏಳದಿದ್ದರೆ ಹೋಯಿತು ಎಂದು ತಂಜೀಲಾ ಎಚ್ಚರಿಸಿ ಮಹಡಿಯ ಮೇಲಿನ ತನ್ನ ಕೌಂಟರಿಗೆ ಹೋಗಿದ್ದಳು. ಪ್ರಮೋದಾ ಬಾಯಿಪಾಠ ಮಾಡಿದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

"ಪ್ರಮೋದಾ."

ತಂಜೀಲಾಳದೇ ದನಿ, ಕೆಳಗಿನ ಮೆಟ್ಟಿಲಿಂದ. ಪ್ರಮೋದಾ ಅರ್ಧ ಎದ್ದೇಬಿಟ್ಟಿದ್ದಳು. ಪಕ್ಕದವರು ಯಾರೂ ತಲೆ ಎತ್ತಲಿಲ್ಲ. ಕಲಿತ ಪಾಠ ಅವಳನ್ನು ಎಬ್ಬಿಸುತ್ತಿತ್ತು, ಹುಟ್ಟಿದಂದಿನ ಭಯ ಕೂರಿಸುತ್ತಿತ್ತು. ಎರಡೂ ಕೈಯಲ್ಲಿ ಬೆಂಚು ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಎದುರಿನ ಬಾಗಿಲು ತೆರೆಯಿತು. ಒಬ್ಬ ಅಟೆಂಡರ್ ಅವಳ ಹೆಸರು ಕರೆದ. ಅದನ್ನೂ ಅವಳು ನಂಬಲಿಲ್ಲ. ಇನ್ನೊಮ್ಮೆ ಕರೆದ. ಕಣ್ಣಲ್ಲಿ ನೀರು ಬಂತು, ತಾಯಿಯ ಸೊಂಟ ನೆನಪಾಯಿತು, ಆದರೂ ಏಳಲಿಲ್ಲ. ಒಳಗಿಂದ ಯಾರೋ "ಇನ್ನೊಂದ್ಸಲ ಕರಿಯೋ" ಅಂದರು, ಅವನು ಸಿಡುಕಿಕೊಂಡು ಮೂರನೆಯ ಸಲ ಕರೆದ ಮೇಲೆ ಎದ್ದಳು.

ಒಳಗೆ ಮ್ಯಾನೇಜರ್ ಜವರಪ್ಪ ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ಮೂರು ಸಲ ಕೂಗ್ಬೇಕಾ ನಿಮ್ಮನ್ನ?"

ಬಾಯಿಪಾಠ ಯಾವುದೂ ಉಳಿದಿರಲಿಲ್ಲ. "ನಮ್ಮನೇಲಿ ಮೂರು ಸಲ ಕರೆದ್ರೇನೇ ಏಳೋದು ಸರ್. ಒಂದು ಕೂಗಿಗೆ ಎದ್ದು ಹೋದೋರು ವಾಪಸ್ ಬಂದಿಲ್ಲ."

ಅವರು ನಗಲಿಲ್ಲ. "ನಮ್ಮ ಜಡಿಗೇನಹಳ್ಳಿ ಕಡೆನೂ ಹಂಗೇ," ಎಂದರು. "ಇಲ್ಲಿಗೆ ಬರೋ ವಯಸ್ಸಾದೋರು ಎಷ್ಟೋ ಜನ ಒಂದು ಕೂಗಿಗೆ ಏಳಲ್ಲ. ಹಿಂದೆ ಇದ್ದ ಹುಡುಗಿ ಒಂದು ಸಲ ಕರೆದು ಮುಂದಕ್ಕೆ ಹೋಗಿಬಿಡೋಳು. ದಿನಾ ಜಗಳ. ನೀವು ಹೆಂಗೆ ಕರೀತೀರಿ ನೋಡೋಣ." ರೋಗಿಗಳನ್ನು ಕರೆಯುವ ಮೈಕನ್ನು ಅವಳತ್ತ ಸರಿಸಿದರು.

ಅವಳು ಬಾಯಿಗೆ ಬಂದ ಒಂದು ಹೆಸರನ್ನು ಬಿಡಿಸಿ ಬಿಡಿಸಿ, ಅವಸರವಿಲ್ಲದೆ, ಮೂರು ಸಲ ಕರೆದಳು. ಆ ದನಿ ಎಲ್ಲ ಮಹಡಿಗಳಲ್ಲೂ ಕೇಳಿಸಿತು, ನೆಲಮಾಳಿಗೆಯಲ್ಲೂ ಕೇಳಿಸಿತು. ಜವರಪ್ಪ ತಲೆಯಾಡಿಸಿದರು. ಸೋಮವಾರದಿಂದ ಬನ್ನಿ ಎಂದರು.

ಕೆಲಸ ಚೆನ್ನಾಗಿ ನಡೆಯಿತು. ಮೂರು ಸಲ ಕರೆಯುವ ಹುಡುಗಿ ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರಾಯಿತು. ಮೊದಲ ಸಂಬಳ ಬಂದ ಮೇಲೆ ಅಶ್ವತ್ಥಮ್ಮ ಗಾರ್ಮೆಂಟ್ಸ್ ಬಿಟ್ಟಳು. ಎಷ್ಟೋ ವರ್ಷದ ಮೇಲೆ ಹಗಲು ಹೊತ್ತಿನಲ್ಲಿ ಸ್ವಂತ ಮನೆಯಲ್ಲಿ ಮಲಗಿ ಎದ್ದಳು. ತಾಯಿಯ ಮುಖ ತಿಳಿಯಾದದ್ದು ನೋಡಿ ಪ್ರಮೋದಾಳಿಗೆ ತಾನು ಗೆದ್ದೆ ಅನ್ನಿಸಿತು, ಬಸ್ಸಿನಲ್ಲಿ ಒಬ್ಬಳೇ ನಕ್ಕಳು.

ಆ ಸಂಜೆ ಮನೆಗೆ ಬಂದಾಗ ತಾಯಿ ಹಿತ್ತಿಲ ಬಾಗಿಲಲ್ಲಿ ನಿಂತು ಸೀರೆಯ ಅಂಚು ಹಿಂಡುತ್ತಿದ್ದಳು.

"ಎಲ್ಲಿಗೋಗಿದ್ದೆ ನೀನು? ಆಗಿಂದ ಹುಡುಕ್ತಾವ್ನಿ. ತೋಪಿನ ಕಡೆಯಿಂದ ಕರೆದ್ಯಲ್ಲಾ."

"ನಾನು ಈಗ ತಾನೆ ಬಸ್ ಇಳಿದೆ ಅಮ್ಮಾ. ಎಷ್ಟು ಸಲ ಕರೆದಂಗಾಯ್ತು?"

"ಒಂದೇ ಸಲ. ಬಂದೆ ಮಗಾ ಅಂತ ನೀರಿನ ತನಕ ಹೋಗಿದ್ದೆ." ಅಶ್ವತ್ಥಮ್ಮ ಮಗಳ ಮುಖ ನೋಡಿದಳು, ಒಳಗಿಂದ ಬಂದು ನಿಂತ ಅತ್ತೆಯ ಮುಖ ನೋಡಿದಳು, ತಪ್ಪೇನೆಂದು ಗೊತ್ತಿದ್ದೂ ತಲೆ ತಗ್ಗಿಸಲಿಲ್ಲ. "ಬೇರೆ ಯಾರೇ ಕರೆದಿದ್ರೂ ಕಾಯ್ತಿದ್ದೆ. ನೀನು ಕರೆದ್ರೆ ಮೂರನೇ ಕೂಗಿನ ತನಕ ನಾನು ಹೆಂಗೆ ಕೂತಿರ್ಲಿ?"