ಕಬ್ಬಿನ ಗದ್ದೆ ಪಕ್ಕದ ಕೋರ್ಟು

ಗಾಳಿ ಇರಲಿಲ್ಲ. ಆದರೂ ಶಾಲೆಯ ಕಾಂಪೌಂಡಿನಾಚೆ ಕಬ್ಬಿನ ಸೋಗೆ ಒಂದೇ ಕಡೆ ಅಲುಗಿತು. ಪ್ರಮೀಳಾಳಿಗೆ ಬಾಯಲ್ಲಿದ್ದ ಸೀಟಿ ಊದುವುದೇ ಮರೆತುಹೋಯಿತು.

ಪಾಂಡವಪುರದ ಹತ್ತಿರದ ಆ ಹೈಸ್ಕೂಲಿನಲ್ಲಿ ಅವಳು ಬ್ಯಾಸ್ಕೆಟ್‌ಬಾಲ್ ಕಲಿಸುವ ಪಿ.ಟಿ. ಮಿಸ್ಸು. ಹುಟ್ಟಿದ್ದು ಬಾಬುರಾಯನಕೊಪ್ಪಲಿನಲ್ಲಿ. ಅಪ್ಪ ದಾಸಯ್ಯ ಶ್ರೀರಂಗಪಟ್ಟಣ ನೋಡಲು ಬಂದವರನ್ನು ಆಟೋದಲ್ಲಿ ಸುತ್ತಾಡಿಸುತ್ತಿದ್ದ. ಏಳನೇ ಕ್ಲಾಸಿಗೇ ಅಪ್ಪನೆತ್ತರ ಬೆಳೆದ ಹುಡುಗಿಯನ್ನು ಊರವರು ಆಡಿಕೊಂಡರೆ, ಮೈಸೂರಿನ ಕ್ರೀಡಾ ಹಾಸ್ಟೆಲ್ಲಿನವರು ಆರಿಸಿಕೊಂಡು ಹೋದರು. ವಿಶ್ವವಿದ್ಯಾಲಯದ ತಂಡದ ತನಕ ಆಡಿದಳು. ಒಂದು ಪಂದ್ಯದಲ್ಲಿ ಹಾರಿ ಇಳಿಯುವಾಗ ಎಡಮಂಡಿ ತಿರುಚಿತು. ಆಪರೇಷನ್ ಆಗಿ ನಡಿಗೆ ಬಂತು, ಓಟ ಬರಲಿಲ್ಲ. ಆಡಲಾಗದಿದ್ದರೆ ಆಡಿಸುತ್ತೇನೆ ಎಂದು ಬಿ.ಪಿ.ಎಡ್. ಮಾಡಿದಳು. ಇಲ್ಲಿಗೆ ಬಂದಮೇಲೆ ಪಂಚಾಯ್ತಿಯವರ ಬೆನ್ನುಬಿದ್ದು ಶಾಲೆಯ ಹಿಂದೆ ಕಾಂಕ್ರೀಟು ಹಾಕಿಸಿ, ಟ್ರಾಕ್ಟರು ರಿಪೇರಿಯವನಿಂದ ರಿಂಗು ಬೆಸೆಸಿದಳು. ಅವಳ ಹುಡುಗಿಯರು ಕೆ.ಆರ್. ಪೇಟೆಯವರನ್ನು ಸೋಲಿಸಿ ಬಂದ ವರ್ಷ ಊರಿಗೂರೇ ಬೆರಗಾಗಿತ್ತು.

ಈ ಸಲ ನಾಗಮಂಗಲದಲ್ಲಿ ಜಿಲ್ಲಾ ಪಂದ್ಯ. ಆದರೆ ಊರಲ್ಲಿ ಚಿರತೆಯ ಸುದ್ದಿ. ಆಗಲೇ ಒಂದು ಕರು ಹೋಗಿತ್ತು. ತಂಡದ ಸ್ನೇಹಳ ತಾತ ಶಿವಲಿಂಗಯ್ಯ ಬೆಳಿಗ್ಗೆ ಗೇಟಿನ ಹತ್ತಿರ ಕಾದು ನಿಂತಿದ್ದ.

"ಮೇಡಮ್ಮೋರೆ, ಅದು ಕಬ್ಬೊಳಗೇ ಸೇರ್ಕಂಡೈತೆ. ಸಂಜೆ ಆಟ ನಿಲ್ಸ್‌ಬುಡಿ."

"ಬಿಸಿಲಿರೋಗಂಟ ಅಷ್ಟೇ ತಾತ. ಬೇಗ ಕಳಿಸ್ಬುಡ್ತೀನಿ."

ಹೇಳುವಾಗಲೇ ಅವಳ ಕಣ್ಣು ಕಬ್ಬಿನ ಕಡೆ ಹೋಗಿತ್ತು. ಅದು ಬಂದರೆ ಮಕ್ಕಳು ಓಡಿಯಾರು. ತಾನು?

ಈಗ ಚೆಂಡು ಕಾಂಪೌಂಡಿನ ಮೋಟುಗೋಡೆ ದಾಟಿ ಬಿದ್ದಿತ್ತು. ಬೇಡ ಅನ್ನುವಷ್ಟರಲ್ಲಿ ಸ್ನೇಹ ಆಚೆ ಹಾರಿ, ಬದುವಿನ ಮೇಲೆ ಬಗ್ಗಿದ್ದಳು. ಅವಳೆದುರಿಗೇ ಸೋಗೆಯ ಸಂದಿಯಲ್ಲಿ ಎರಡು ಕಣ್ಣು.

"ಸ್ನೇಹ, ಬಗ್ಗಬೇಡ. ಎದ್ದು ನಿಂತ್ಕೊ. ಓಡಬೇಡ." ಪ್ರಮೀಳಾಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಡಿಫೆನ್ಸ್ ಆಡೋವಾಗ ಬರ್ತೀಯಲ್ಲ, ಹಂಗೇ. ಕೈ ಅಗಲಿಸ್ಕೊಂಡು ಹಿಂದಕ್ಕೆ ಬಾ."

ಹುಡುಗಿ ತಲೆಯೆತ್ತಿ ಅದನ್ನು ಕಂಡಳು. ಕಾಲು ನೆಲಕ್ಕೆ ಕಚ್ಚಿಕೊಂಡವು.

"ಮಿಸ್..."

"ಎಲ್ಲಾ ಚೆಂಡು ಬಡೀರೇ! ಜೋರಾಗಿ!"

ಬೆನ್ನ ಹಿಂದೆ ಕಾಂಕ್ರೀಟು ದಡದಡ ಗುಡುಗತೊಡಗಿತು. ಪ್ರಮೀಳಾ ಗೋಡೆಗೆ ಹೊಟ್ಟೆಯೂರಿ ಆಚೆಗೆ ಬಿದ್ದಳು. ಎದ್ದವಳೇ ಹುಡುಗಿಯ ಅಂಗಿ ಹಿಡಿದು ಹಿಂದಕ್ಕೆಳೆದು, ಗೋಡೆ ಹತ್ತಿಸಿದಳು. ತಾನು ಹತ್ತಬೇಕು. ಮಂಡಿ ಮಡಚಲಿಲ್ಲ.

ಚಿರತೆ ಮುಕ್ಕಾಲು ಮೈ ಹೊರಗೆ ಹಾಕಿ ಗುರ್ರೆಂದಿತು. ಪ್ರಮೀಳಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಎತ್ತಲೂ ಹೆದರಿದಳು. ಹುಡುಗಿಯರು ಚೆಂಡು ಬಡಿಯುತ್ತಾ, ಅಳುತ್ತಾ, ಗೋಡೆಯ ಹತ್ತಿರಕ್ಕೇ ಬಂದರು. ಚಿರತೆ ತಲೆ ತಗ್ಗಿಸಿ, ಸೋಗೆ ಸೀಳಿಕೊಂಡು ಒಳಗೆ ಹೋಯಿತು. ಆಮೇಲೆ ಎಷ್ಟೋ ಕೈಗಳು ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡವು.

ಸುದ್ದಿ ಕೇಳಿ ಶಿವಲಿಂಗಯ್ಯ ಓಡಿ ಬಂದ. "ನನ್ ಮಾತ್ ಕೇಳ್ನಿಲ್ವಲ್ಲವ್ವ ನೀವು" ಅಂದ. ಅಷ್ಟೇ. ಬೈದಿದ್ದರೆ ಅವಳಿಗೆ ವಾಸಿಯಿತ್ತು.

"ತಪ್ಪಾಯ್ತು ತಾತ" ಅಂದಳು. ಅಂದಿನಿಂದಲೇ ಸಂಜೆಯ ಆಟ ನಿಂತಿತು.

ಅರಣ್ಯ ಇಲಾಖೆಯವರು ಬೋನಿಟ್ಟು ಚಿರತೆ ಹಿಡಿದರು. ತಂಡ ಅರೆಬರೆ ತಯಾರಿಯಲ್ಲೇ ನಾಗಮಂಗಲಕ್ಕೆ ಹೋಗಿ ಮೊದಲ ಪಂದ್ಯದಲ್ಲೇ ಸೋತಿತು. ಬರುವಾಗ ದಾರಿಯ ಹೋಟೆಲೊಂದರಲ್ಲಿ ದೋಸೆ ತಿನ್ನುತ್ತಾ ಹುಡುಗಿಯರು ಸೋಲನ್ನು ಆಗಲೇ ಮರೆತು ನಗುತ್ತಿದ್ದರು. ಕೈ ತೊಳೆಯಲು ಹಿತ್ತಲಿಗೆ ಹೋದ ಸ್ನೇಹ ಬರುವುದು ಕೊಂಚ ತಡವಾಯಿತು. ಪ್ರಮೀಳಾ ಅರ್ಧ ತಿಂದ ದೋಸೆ ಬಿಟ್ಟು, ಕುಂಟುತ್ತಾ ಹಿತ್ತಲಿಗೆ ನಡೆದಳು.

"ಯಾಕ್ ಮಿಸ್?" ಅಂದಳು ನಲ್ಲಿಯ ಮುಂದೆ ನಿಂತಿದ್ದ ಸ್ನೇಹ.

"ಏನಿಲ್ಲ. ತೊಳ್ಕೊ. ಇಲ್ಲೇ ನಿಂತಿರ್ತೀನಿ."