ಎರಡಕ್ಷರದ ಮೇಲಿನ ಗೆರೆ

ಮೇಷ್ಟ್ರಿಗೆ ಎಂಬತ್ತೆರಡು ವರ್ಷ, ಕಣ್ಣು ಪೂರ್ತಿ ಹೋಗಿದೆ. ಅವರ ದೊಡ್ಡ ಪುಸ್ತಕದ ಹೊಸ ಮುದ್ರಣಕ್ಕೆ ಕರಡು ತಿದ್ದುವ ಕೆಲಸ ಅವರ ಹಳೆಯ ಶಿಷ್ಯೆಯಾದ ನನ್ನ ತಲೆಗೆ ಬಂತು. ಕ್ರಿಸ್ತಶಕದ ಮೊದಲ ಮುನ್ನೂರು ವರ್ಷಗಳ ಕ್ರೈಸ್ತರು ಬರೆದ ಓಲೆ, ಪ್ರಾರ್ಥನೆಗಳನ್ನು ಅವು ಹುಟ್ಟಿದ ಕಾಲದ ಸಂತೆ, ಕಾಯಿಲೆ, ಜಗಳಗಳ ನಡುವೆ ಇಟ್ಟು ಓದುವ ಪುಸ್ತಕ ಅದು. ದಿನಾ ಬೆಳಿಗ್ಗೆ ಅವರ ಮನೆಗೆ ಹೋಗಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಒಂದೊಂದು ಅಲ್ಪವಿರಾಮಕ್ಕೂ ಜಗಳ ತೆಗೆಯುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ತರಗತಿಯಲ್ಲೇ ಬಿರುದು ಕೊಟ್ಟವರು ಅವರು.

ಶುಕ್ರವಾರ ಕರಡು ಅಚ್ಚಿಗೆ ಹೋಗಬೇಕಿತ್ತು. ಮಂಗಳವಾರ ದೂರದ ಗ್ರಂಥಾಲಯವೊಂದರಿಂದ ನನಗೆ ಒಂದು ಫೋಟೋ ಬಂತು. ಮೇಷ್ಟ್ರಿಗೆ ಹೆಸರು ತಂದ ಓಲೆಯ ಫೋಟೋ. ಯಾವಳೋ ಹೆಂಗಸು ಊರಿಗೆ ಬಾರದ ಗಂಡನಿಗೆ ಗ್ರೀಕಿನಲ್ಲಿ ಬರೆಸಿದ್ದು. ಪಪೈರಸ್ ಎಂಬ ಜೊಂಡಿನ ಹಾಳೆ ಎರಡು ಚೂರಾಗಿ, ನಡುವೆ ಒಂದು ಬೆರಳಗಲ ಜಾಗ ಬಿಟ್ಟು ಗಾಜಿನಡಿ ಕೂತಿತ್ತು. ಈಗ ಅಲ್ಲಿನ ಹಾಳೆ ದುರಸ್ತಿಯವಳು ಗಾಜು ಬಿಚ್ಚಿ, ನಾರಿಗೆ ನಾರು ಹೊಂದಿಸಿ ನೋಡಿದ್ದಾಳೆ. ನಡುವೆ ಜಾಗವೇ ಇಲ್ಲ, ಎರಡೂ ಚೂರು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ ಎಂದು ಬರೆದಿದ್ದಳು.

ಓಲೆಯ ನಾಲ್ಕನೆಯ ಸಾಲಿನಲ್ಲಿ, ಆ ಜಾಗಕ್ಕೆ ಮುಂಚೆ, ಎರಡು ಅಕ್ಷರ ಇವೆ, ಅವುಗಳ ಮೇಲೊಂದು ಗೆರೆ. ಆಗಿನ ಕ್ರೈಸ್ತರು ‘ಪ್ರಭುವೇ’ ಎಂಬ ಪದವನ್ನು ಪೂರ್ತಿ ಬರೆಯುತ್ತಿರಲಿಲ್ಲ. ಮೊದಲ ಅಕ್ಷರ, ಕೊನೆಯ ಅಕ್ಷರ ಬರೆದು ಮೇಲೆ ಗೆರೆ ಎಳೆಯುತ್ತಿದ್ದರು. ಆದರೆ ಗ್ರೀಕಿನಲ್ಲಿ ಅಂಕಿಗೂ ಅಕ್ಷರವೇ, ಅಂಕಿಯ ಮೇಲೂ ಅದೇ ಗೆರೆ. ಅದೇ ಎರಡಕ್ಷರ ಅಂಕಿಯಾದರೆ ಇಪ್ಪತ್ತೈದು. ಖಾಲಿ ಜಾಗದಲ್ಲಿ ‘ಎಷ್ಟೋ’ ಎಂಬ ಪದ ಇದ್ದಿರಬೇಕೆಂದು ಊಹಿಸಿ ಮೇಷ್ಟ್ರು ಓದಿದ್ದು: ‘ಪ್ರಭುವೇ, ಎಷ್ಟೋ ದಿನಗಳಿಂದ ಬಾಗಿಲಲ್ಲೇ ಕೂತಿದ್ದೇನೆ.’ ಜಾಗವೇ ಇಲ್ಲದ ಮೇಲೆ ಎಷ್ಟೋ ಎಲ್ಲಿಂದ ಬರಬೇಕು? ‘ಇಪ್ಪತ್ತೈದು ದಿನಗಳಿಂದ ಬಾಗಿಲಲ್ಲೇ ಕೂತಿದ್ದೇನೆ.’ ಅಷ್ಟೇ. ಅದು ಪ್ರಾರ್ಥನೆಯಲ್ಲ. ಅವಳು ಕ್ರೈಸ್ತಳೆನ್ನಲು ಆ ಹಾಳೆಯಲ್ಲಿ ಬೇರೆ ಗುರುತೂ ಇಲ್ಲ.

ಬುಧವಾರ ಬೆಳಿಗ್ಗೆ ಮೊದಲು ಅಡುಗೆಮನೆಗೆ ಹೋಗಿ ಮೇಷ್ಟ್ರ ಮಗಳಿಗೆ ಹೇಳಿದೆ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ. ಅವಳು ಒಲೆ ಆರಿಸಿದಳು.

“ಅಪ್ಪಂಗೆ ಹೇಳ್ಬೇಡ.”

“ತಪ್ಪು ಅಂತ ಗೊತ್ತಿದ್ದೂ ಅಚ್ಚಿಗೆ ಕಳಿಸ್ಲಾ ಅಕ್ಕ?”

“ಅಮ್ಮ ತೀರ್ಕೊಂಡ ವರ್ಷ ಅಪ್ಪ ಅಲ್ಲಿ ಆ ಹಾಳೆ ಮುಂದೆ ಕೂತಿದ್ರು. ಇನ್ನೊಂದು ವಾರ, ಇನ್ನೊಂದು ವಾರ ಅಂತ ಕಾಗದ ಬರೀತಾನೇ ಇದ್ರು. ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆಮೇಲೆ ಒಂದೇ ಮಾತು ಹಿಡ್ಕೊಂಡ್ರು. ನಿಮ್ಮಮ್ಮನೂ ಆ ಹೆಂಗಸಿನ ಹಾಗೆ ದೇವರನ್ನೇ ಕರೀತಿದ್ಲು, ನನ್ನನ್ನಲ್ಲ ಅಂತ. ಮೂವತ್ತು ವರ್ಷ ಅದರ ಮೇಲೇ ಬದುಕಿದಾರೆ. ಅದನ್ನೂ ಕಿತ್ಕೊಳ್ತೀಯಾ?”

ಆಗಲಿ, ಒಂದು ಸಾಲು ತಪ್ಪಾದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಮೇಷ್ಟ್ರ ಕೋಣೆಗೆ ಹೋಗಿ ಏಳನೆಯ ಅಧ್ಯಾಯ ತೆರೆದೆ.

ಆ ಸಾಲು ಬಂತು. ಓದಿದೆ, ಮುಂದಕ್ಕೆ ಹೋದೆ.

“ನಿಲ್ಲು,” ಎಂದರು ಮೇಷ್ಟ್ರು. “ಯಾಕಮ್ಮಾ ಆ ಸಾಲನ್ನ ಓಡಿಸಿದೆ?”

“ಓಡಿಸ್ಲಿಲ್ಲ ಸಾರ್.”

“ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಏನಾಯ್ತು?”

ಹಳಬರ ಬಾಯಿಗೆ ನಮ್ಮ ಮಾತು ತುರುಕಬೇಡಿ, ಅವರು ಅಂದದ್ದನ್ನಷ್ಟೇ ಕೇಳಿ ಎಂದು ನಮಗೆ ಬಯ್ದು ಬಯ್ದು ಕಲಿಸಿದವರು ಅವರು. ಅವರ ಮುಂದೆಯೇ ಕೂತು ನಾನು ಅದೇ ತಪ್ಪನ್ನು ಮಾಡುತ್ತಿದ್ದೆ. ಅವಮಾನವಾಯಿತು. ಹೇಳಿಬಿಟ್ಟೆ. ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

“ಗೆರೆ ಎರಡೂ ಅಕ್ಷರದ ಮೇಲಿದೆಯಾ?”

“ಹೌದು ಸಾರ್.”

“ನಾರು ಕೂಡ್ತಾವಾ? ಹಾಳೆಯ ಹಿಂಬದಿ ನೋಡಿದಾಳಾ ಅವಳು?”

“ನೋಡಿದಾಳೆ. ಹಿಂದುಗಡೇನೂ ಕೂಡ್ತಾವೆ.”

ಮೇಷ್ಟ್ರು ಮೊಣಕಾಲ ಮೇಲೆ ಬೆರಳಿನಿಂದ ಆ ಎರಡು ಅಕ್ಷರ ಬರೆದರು, ಮೇಲೆ ಗೆರೆ ಎಳೆದರು. ಮತ್ತೆ ಬರೆದರು.

“ಹಾಗಾದ್ರೆ ಗಂಡನನ್ನೇ ಕರೆದದ್ದು,” ಎಂದರು. “ದಿನ ಎಣಿಸ್ಕೊಂಡು ಕೂತಿದ್ಲು.”

ನಾನು ತಲೆ ಬಗ್ಗಿಸಿ ಕೂತಿದ್ದೆ. ಅವರು ಬಾಗಿಲ ಕಡೆ ಮುಖ ತಿರುಗಿಸಿದರು. ಮಗಳು ಅಲ್ಲಿರುವುದು ಅವರಿಗೆ ಮೊದಲೇ ಗೊತ್ತಿತ್ತು.

“ನಿಮ್ಮಮ್ಮ ಹಾಸಿಗೆ ಹಿಡಿದ್ಮೇಲೆ ಎಷ್ಟು ದಿನ ಕಾದ್ಲು ಮಗಳೇ?”

“ಹತ್ತೊಂಬತ್ತು,” ಎಂದಳು ಅಕ್ಕ. ನೆನಪು ಮಾಡಿಕೊಳ್ಳಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

“ನನ್ನನ್ನ ಕೇಳ್ತಿದ್ಲಾ?”

“ದಿನಾ ಕೇಳ್ತಿದ್ರು ಅಪ್ಪ.”

ನನಗೆ ಅಳು ತಡೆಯಲಾಗಲಿಲ್ಲ. ಮೇಷ್ಟ್ರು ಅಳಲಿಲ್ಲ. ಕೈ ಚಾಚಿದರು, ಅಕ್ಕ ಬಂದು ಅವರ ಕುರ್ಚಿಯ ಪಕ್ಕ ನೆಲಕ್ಕೆ ಕೂತು ಆ ಕೈ ಹಿಡಿದುಕೊಂಡಳು. ಆಮೇಲೆ ಅವರು ನನ್ನ ಕಡೆ ತಿರುಗಿದರು.

“ಪೆನ್ಸಿಲ್ ತಗೋ. ಪ್ರಭುವೇ, ಎಷ್ಟೋ ಅನ್ನೋದನ್ನ ಹೊಡೆದು ಹಾಕು. ಇಪ್ಪತ್ತೈದು ಅಂತ ಬರಿ. ಅಂಕೀಲಿ ಬೇಡ, ಅಕ್ಷರದಲ್ಲೇ ಪೂರ್ತಿ ಬರಿ. ಇನ್ನ್ಯಾವನೂ ಅವಳನ್ನ ತಪ್ಪಾಗಿ ಓದಬಾರದು.”