ರೈಟು ಬೀಳದ ಸಾಲು

ನೀಲಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟ ಜೆಲ್ಲನ್ನು ಅವಳು ಮೂರನೆಯ ಸಲ ತಿರುಗಿಸಿ ನೋಡಿದಳು. ಕತ್ತರಿಸಿದ ಡಿಎನ್‌ಎ ತುಂಡುಗಳು ಕೆಳಗಿಳಿದು ಏಣಿಯ ಮೆಟ್ಟಿಲುಗಳ ಹಾಗೆ ಪಟ್ಟೆಗಳಾಗಿ ಕಾಣಬೇಕಿತ್ತು. ಒಂದೂ ಇಲ್ಲ. ಡಿಎನ್‌ಎ ಎಲ್ಲ ಮೇಲ್ತುದಿಯಲ್ಲೇ ಮುದ್ದೆಯಾಗಿ ಕೂತಿತ್ತು.

"ಇದೂ ಇಳಿದಿಲ್ವೇನೇ?" ಲ್ಯಾಬಿನ ಹಿರಿಯ ಸಹಾಯಕಿ ಗಾಜಿನ ಪಾತ್ರೆ ತೊಳೆಯುತ್ತಲೇ ಕೇಳಿದರು. ಎಲ್ಲರಿಗೂ ಅವರು ಅಕ್ಕ.

"ಇದು ಆರೋಗ್ಯವಾಗಿರೋ ಮಗುವಿನ ಜೀವಕೋಶ ಅಕ್ಕಾ. ಇದು ಇಳೀಲೇಬೇಕಿತ್ತು!"

ಜೀವಕೋಶದೊಳಗೆ ಡಿಎನ್‌ಎ ಪ್ರೋಟೀನಿನ ಉಂಡೆಗಳಿಗೆ ನೂಲಿನಂತೆ ಸುತ್ತಿಕೊಂಡಿರುತ್ತದೆ. ಒಂದು ಜೀನ್ ಕೆಲಸ ಶುರುಮಾಡಬೇಕಾದರೆ ಕೋಶ ಆ ಉಂಡೆಗಳನ್ನು ಸರಿಸಿ ಸುತ್ತು ಸಡಿಲಿಸಬೇಕು. ಕಾಯಿಲೆಯ ಮಕ್ಕಳ ಕೋಶದಲ್ಲಿ ಅದು ಸಡಿಲವಾಗುವುದೇ ಇಲ್ಲ, ಡಿಎನ್‌ಎ ಕತ್ತರಿಸುವ ಕಿಣ್ವಕ್ಕೂ ಒಳಗೆ ದಾರಿ ಸಿಗುವುದಿಲ್ಲ ಎಂಬುದು ಅವಳ ಮೂರು ತಿಂಗಳ ದುಡಿಮೆಯ ಫಲ. ಸೋಮವಾರ ಅದನ್ನು ಎಲ್ಲರೆದುರು ತೋರಿಸಿದರೆ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತಿತ್ತು. ಆರೋಗ್ಯವಂತ ಮಕ್ಕಳ ಕೋಶಗಳನ್ನು ಹಳೆಯ ಬಾಟಲಿಯ ದ್ರಾವಣದಲ್ಲಿ ಮೊದಲೇ ಪರೀಕ್ಷಿಸಿ ಮುಗಿಸಿದ್ದಳು. ಅದು ಖಾಲಿಯಾದ ಮೇಲೆ ಕಾಯಿಲೆಯ ಮಕ್ಕಳ ಕೋಶಗಳನ್ನೆಲ್ಲ ಹೊಸ ಬಾಟಲಿಯಲ್ಲಿ ಪರೀಕ್ಷಿಸಿದ್ದಳು. ಇವತ್ತು ಬರೀ ಮನಸ್ಸಿನ ಸಮಾಧಾನಕ್ಕೆಂದು ಆರೋಗ್ಯವಂತ ಮಗುವಿನದನ್ನೂ ಅದೇ ಹೊಸ ಬಾಟಲಿಯಲ್ಲಿ ಮತ್ತೆ ಮಾಡಿದ್ದಳು.

"ಈ ದ್ರಾವಣ ಮಾಡಿದ್ದು ನೀವೇ ತಾನೆ? ಕ್ಯಾಲ್ಸಿಯಂ ಹಾಕಿದ್ರಾ? ಅದಿಲ್ದೆ ಕಿಣ್ವ ಬಾಯೇ ಬಿಡಲ್ಲ!"

ಅಕ್ಕ ಕೈ ಒರೆಸಿಕೊಂಡು ಬಂದು ಬಾಟಲಿಯನ್ನು ಅವಳತ್ತ ತಿರುಗಿಸಿದರು. "ಅಕ್ಷರ ಯಾರ್ದು, ತಾಯಿ?"

ಅವಳದೇ. ಒಂದೊಂದು ವಸ್ತು ಸುರಿದಂತೆ ಚೀಟಿಯಲ್ಲಿ ಅದರ ಮುಂದೆ ರೈಟು ಹಾಕುವುದು ಇಲ್ಲಿನ ಪದ್ಧತಿ. ಕೊನೆಯ ಸಾಲು ಕ್ಯಾಲ್ಸಿಯಂ. ಅದರ ಮುಂದೆ ಏನೂ ಇರಲಿಲ್ಲ. ತಾರೀಖು ನೋಡಿದಳು. ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು ಬಂದು, ಕೈಲಿದ್ದ ಕೆಲಸ ಅರ್ಧಕ್ಕೇ ಬಿಟ್ಟು ಓಡಿದ ದಿನ. ಆಮೇಲೆ ಅದೆಷ್ಟು ಸಲ ಈ ಬಾಟಲಿ ಎತ್ತಿದ್ದಳೋ.

"ಥೂ! ಕಣ್ಣಿದ್ದೂ..." ಕೈಗವಸು ಕಿತ್ತು ಬುಟ್ಟಿಗೆ ಎಸೆದಳು. ಅದು ಬುಟ್ಟಿಗೂ ಬೀಳಲಿಲ್ಲ.

"ಅಕ್ಕನೇ ಮರೆತಳು ಅಂದ್ಬಿಡು. ಮುಂದಿನ ತಿಂಗಳು ರಿಟೈರ್ ಆಗೋಳು ನಾನು, ನನ್ನ ಕಿವಿ ಹಿಂಡ್ತಾರಾ?"

"ಸುಮ್ನಿರಿ. ಬೈದಿದ್ದೂ ನಿಮಗೇ, ಈಗ ತಪ್ಪು ಹೊರಿಸೋದೂ ನಿಮ್ಮ ಮೇಲೇನಾ?"

"ಕಾಯಿಲೆ ಮಕ್ಕಳ ಕೋಶ ಎಷ್ಟು ಉಳಿದಿದೆ?"

"ಒಂದೇ ಒಂದು ಟ್ಯೂಬು."

"ಸೋಮವಾರಕ್ಕೆ..."

"ಆಗಲ್ಲ ಅಕ್ಕಾ."

ಮುಖ್ಯಸ್ಥರ ಕೋಣೆಯೊಳಗೆ ಯಾರೋ ನಗುತ್ತಿದ್ದರು. ಅವಳು ಬಾಟಲಿ ಹಿಡಿದುಕೊಂಡೇ ಹೋಗಿ ಬಾಗಿಲು ತಟ್ಟಿದಳು. ಒಳಗಿನಿಂದ ಉತ್ತರ ಬರುವಷ್ಟರಲ್ಲಿ ಒಮ್ಮೆ ತಿರುಗಿ ನೋಡಿದಳು. ಅಕ್ಕ ಕ್ಯಾಲ್ಸಿಯಂ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು, ತಕ್ಕಡಿಯ ಮೇಲೆ ಖಾಲಿ ಕಾಗದವಿಟ್ಟು, ಅಂಕಿಗಳು ಸೊನ್ನೆಗೆ ಬಂದು ನಿಲ್ಲುವುದನ್ನೇ ಕಾಯುತ್ತಿದ್ದರು.